ಕೆಟ್ಟ ಜೋಡಣೆಗಳ ಗೋಡೆ

ಹೈದರಾಬಾದ್ ವಿಮಾನ ನಿಲ್ದಾಣ

ಶೇಂಗಾ ಹಿಂಡಿಯ ದೆಸೆಯಿಂದ ವಿಮಾನ ತಪ್ಪಿಹೋಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಕೆಂಪು ಚಟ್ನಿಪುಡಿ, ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಅದರ ಸುತ್ತ ಹಳೆಯ ಕುಪ್ಪಸದ ಬಟ್ಟೆ. ತಪಾಸಣೆಯವನು ಅದನ್ನು ಎತ್ತಿ ಬೆಳಕಿಗೆ ಹಿಡಿದು ತೆಲುಗಿನಲ್ಲಿ ಇದೇನು ಎಂದು ಕೇಳಿದ. ಶಾಹಿನ್ ಮುಂದೆ ಬಂದು, ತಿನ್ನುವ ಪುಡಿ ಭಾಯ್‌ಜಾನ್ ಎಂದು ತನ್ನ ಮನೆಮಾತಾದ ಉರ್ದುವಿನಲ್ಲಿ ಹೇಳಿ, ಒಂದು ಚಿಟಿಕೆ ತಾನೇ ಬಾಯಿಗೆ ಹಾಕಿಕೊಂಡು ತೋರಿಸಿದಳು. ಖಾರ ನೆತ್ತಿಗೇರಿ ಕೆಮ್ಮು ಬಂತು. ಅವನು ನಕ್ಕು ನಮ್ಮನ್ನು ಬಿಟ್ಟ.

“ನೋಡ್ರಿ ಅಮ್ಮಾ, ನಿಮ್ಮ ಹಿಂಡಿ ಸಲುವಾಗಿ ನಾ ಜೈಲಿಗಿ ಹೋಗ್ತಿದ್ನಿ,” ಅಂದಳು ಕಣ್ಣು ಒರೆಸಿಕೊಳ್ಳುತ್ತ.

ಶಾಹಿನ್‌ಗೆ ಇಪ್ಪತ್ತು ವರ್ಷ. ಮಾನ್ವಿಯ ಸಂತೆಯಲ್ಲಿ ಬಳೆ ಮಾರುವವರ ಮಗಳು. ಮೂರು ವರ್ಷ ನಮ್ಮವರ ಹತ್ತಿರ ಬಡಗಿ ಕೆಲಸ ಕಲಿತವಳು. ನಮ್ಮವರು ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು.

ಅವರು ಕವಿತಾಳದ ಕೂಲಿ ಮನೆಯವರು. ನಾನು ದೇವದುರ್ಗದವಳು. ಚಿಕ್ಕಂದಿನಲ್ಲಿ ಅವರು ಬಡಗಿಯ ಮನೆಯ ಬೇಲಿಯಾಚೆ ನಿಂತು ಕೆಲಸ ನೋಡುತ್ತಿದ್ದರಂತೆ. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಕಣ್ಣಿಗೆ ಬಂದದ್ದು ಕೈಗೆ ಬರಲು ಹತ್ತು ವರ್ಷ ಬೇಕಾಯಿತು ಎನ್ನುತ್ತಿದ್ದರು. ಅದಕ್ಕೇ ಮಾನ್ವಿಯಲ್ಲಿ ರಾಯಚೂರು ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿದ ಮೇಲೆ, ಕಲಿಯಲು ಬಂದವರ ಕೈಗೆ ಮೊದಲ ದಿನವೇ ಹತಾರ ಕೊಡುತ್ತಿದ್ದರು. ಹತ್ತನೆಯ ತರಗತಿ ಫೇಲಾದವರು, ಅರ್ಧಕ್ಕೆ ಶಾಲೆ ಬಿಟ್ಟವರು, ಹುಡುಗ, ಹುಡುಗಿ, ಯಾರು ಬಂದರೂ ಸರಿ.

ಅವರು ಹೋದ ದಿನದಿಂದ ಶೆಡ್ಡಿಗೆ ಬೀಗ ಹಾಕಿದ್ದೆ. ಅವರ ಗರಗಸದ ಸದ್ದು ಇನ್ನೊಬ್ಬರ ಕೈಯಿಂದ ಬಂದರೆ ನನ್ನಿಂದ ಕೇಳಲಾಗದು ಎನಿಸಿತ್ತು. ಸಿರವಾರದ ಗೊಬ್ಬರದ ವ್ಯಾಪಾರಿಯೊಬ್ಬರು ಗೋದಾಮಿಗೆಂದು ಶೆಡ್ಡು ಕೇಳಿದ್ದರು. ಜರ್ಮನಿಗೆ ಹೋಗಿ ಬಂದು ಹೇಳುತ್ತೇನೆ ಎಂದಿದ್ದೆ. ಮನಸ್ಸಿನಲ್ಲಿ ಕೊಡುವುದೆಂದೇ ಇತ್ತು. ಶಾಹಿನ್‌ಗೂ ಅದು ಗೊತ್ತು. ಅವಳಿಗೆ ಬಾಗಿಲು ಮಾಡಲು ಬರುತ್ತದೆ, ಕಿಟಕಿ ಬರುತ್ತದೆ. ಛಾವಣಿಯ ಕೆಲಸ ಇನ್ನೂ ಬಂದಿಲ್ಲ. ಹೆಣ್ಣುಮಗಳ ಕೈಗೆ ಗರಗಸ ಕೊಡುವ ಇನ್ನೊಬ್ಬ ಮೇಸ್ತ್ರಿ ಮಾನ್ವಿಯಲ್ಲಿ ಇಲ್ಲ. ಶೆಡ್ಡು ಗೋದಾಮಾದರೆ ಅವಳ ಮನೆಯವರು ಅವಳನ್ನು ಹೊಲಿಗೆ ಮಷಿನ್ನಿನ ಮುಂದೆ ಕೂರಿಸುತ್ತಾರೆ. ದಾರಿಯುದ್ದಕ್ಕೂ ಅವಳು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಜರ್ಮನಿಗೆ ಹೋಗಬೇಕಾದವರು ನಮ್ಮವರು. ಎರಡು ವರ್ಷದ ಹಿಂದೆ ಹಂಪಿ ನೋಡಿ ಬರುತ್ತಿದ್ದ ಹೆಲ್ಗಾ ಎಂಬ ಹೆಂಗಸಿನ ಕಾರು ನಮ್ಮ ಶೆಡ್ಡಿನ ಮುಂದೆ ಪಂಕ್ಚರ್ ಆಗಿತ್ತು. ಗರಗಸದ ಸದ್ದು ಕೇಳಿ ಒಳಗೆ ಬಂದರು. ಅವರೂ ಬಡಗಿ. ತಮ್ಮ ಊರಲ್ಲಿ ಎಳೆಯರಿಗೆ ಕೆಲಸ ಕಲಿಸುವವರು. ನಮ್ಮವರಿಗೂ ಅವರಿಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀರುತ್ತ ಮೂರು ತಾಸು ಕೂತರು. ನಾನು ನಾಲ್ಕು ಸಲ ಚಹಾ ಕೊಟ್ಟೆ. ಆಮೇಲೆ ಅವರ ಕರೆ ಬಂತು, ಒಂದು ವಾರ ನಮ್ಮಲ್ಲಿಗೆ ಬನ್ನಿ ಎಂದು. ಕಾಗದಪತ್ರ ಆಗುವುದರೊಳಗೆ ನಮ್ಮವರು ಇರಲಿಲ್ಲ. ಸುದ್ದಿ ತಿಳಿಸಿದಾಗ ಹೆಲ್ಗಾ, ಹಾಗಾದರೆ ನೀವು ಬನ್ನಿ, ಅವರ ಹತ್ತಿರ ಕಲಿತವರಲ್ಲಿ ಒಬ್ಬರನ್ನು ಕರೆತನ್ನಿ ಎಂದು ಬರೆದರು.

ಮೊದಲ ದಿನ: ದಾರಿ ದಾಟಿದ್ದು

ಅದು ಏಪ್ರಿಲ್. ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಕಬ್ಬಿಣದ ಹಿಡಿಕೆ ಮುಟ್ಟಿದರೆ ಸುಡುತ್ತಿತ್ತು. ಇಲ್ಲಿ ಬಾಯಿ ತೆರೆದರೆ ಹಬೆ. ಎರಡು ಸ್ವೆಟರ್ ಮೇಲೆ ಶಾಲು ಹೊದ್ದು, ಸೀರೆಯ ಕೆಳಗೆ ಪ್ಯಾಂಟು ತೊಟ್ಟು ನಾನು ನಡೆಯುತ್ತಿದ್ದ ರೀತಿ ನೋಡಿ ಶಾಹಿನ್ ನಗುತ್ತಲೇ ಇದ್ದಳು.

ಹೆಲ್ಗಾರದು ಉತ್ತರದ ಸಣ್ಣ ಊರು. ನಮ್ಮ ಸಿರವಾರಕ್ಕಿಂತ ಚಿಕ್ಕದು. ಮನೆಗಳ ಗೋಡೆಯಲ್ಲೇ ಮರದ ತೊಲೆಗಳು ಹೊರಗೆ ಕಾಣುತ್ತವೆ, ನಡುನಡುವೆ ಇಟ್ಟಿಗೆ. ಮನೆಯ ಎಲುಬು ಕಂಡಂತೆ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ಆದರೂ ಕೆಂಪು ದೀಪ ಇದೆ ಎಂದು ಜನ ಸುಮ್ಮನೆ ನಿಂತಿದ್ದರು.

“ಯಾರೂ ಬರಾಕತ್ತಿಲ್ಲಲ್ಲ ಅಮ್ಮಾ, ಯಾಕ ನಿಂತಾರ ಇವರು?”

“ಏನೋ ಯವ್ವಾ. ನಡಿ, ದಾಟೂಣು,” ಅಂದೆ.

ದಾಟಿದೆವು. ಹಿಂದಿನಿಂದ ಒಬ್ಬ ಮುದುಕಿ ಜೋರಾಗಿ ಏನೋ ಬೈದಳು. ಅವಳ ಕೈ ಹಿಡಿದು ಒಂದು ಪುಟ್ಟ ಮಗು ನಿಂತಿತ್ತು. ನಮ್ಮ ಜೊತೆ ಬಂದಿದ್ದ ಹೆಲ್ಗಾ ಆಚೆಯ ಬದಿಯಲ್ಲೇ ಉಳಿದಿದ್ದರು. ಹಸಿರು ದೀಪ ಬಂದ ಮೇಲೆ ದಾಟಿ ಬಂದು, ಮಗು ನೋಡುತ್ತಿರುವಾಗ ಹೀಗೆ ದಾಟಬಾರದು ಎಂದರು. ಮಗು ಮಾತು ಕೇಳಿ ಕಲಿಯುವುದಿಲ್ಲ, ಕಾಲು ನೋಡಿ ಕಲಿಯುತ್ತದೆ ಎಂದರು. ಶಾಹಿನ್ ಅದನ್ನು ಕನ್ನಡಕ್ಕೆ ತಂದಳು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೆ, ಹೆಲ್ಗಾರದೂ ಅಷ್ಟಕ್ಕಷ್ಟೆ, ಆದರೂ ವಾರವಿಡೀ ಮಾತಿಗೆ ಕೊರತೆ ಬೀಳಲಿಲ್ಲ. ಆವತ್ತಿನಿಂದ ಕೆಂಪು ದೀಪಕ್ಕೆ ನಾನು ಕಂಬದ ಹಾಗೆ ನಿಲ್ಲುತ್ತಿದ್ದೆ.

ಹೆಲ್ಗಾ ಕಲಿಸುವ ಕೆಲಸದ ಮನೆಯೊಳಗೆ ಕಾಲಿಟ್ಟಾಗ ಮೊದಲು ಬಡಿದದ್ದು ವಾಸನೆ. ಹೊಸದಾಗಿ ಕೊಯ್ದ ಮರದ ವಾಸನೆ ಮಾನ್ವಿಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ. ಎಂಟು ತಿಂಗಳಿಂದ ಮೂಗಿಗೆ ಬಾರದ್ದು. ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ.

ಹದಿನಾರು, ಹದಿನೇಳರ ಹುಡುಗ ಹುಡುಗಿಯರು ಹತ್ತು ಹನ್ನೆರಡು ಮಂದಿ ಇದ್ದರು. ಅವರಿಗೆ ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಇಲ್ಲಿ ಕೆಲಸ. ಅವರು ಮಾಡುತ್ತಿದ್ದುದು ಪಾಠದ ಮಾದರಿಯಲ್ಲ, ಊರಿನ ಮನೆಯೊಂದರ ನಿಜವಾದ ಛಾವಣಿ. ಅದರ ಕೆಳಗೆ ಜನ ಮಲಗಬೇಕು. ಹುಡುಗಿಯೊಬ್ಬಳು ತನಗಿಂತ ಎರಡು ಪಟ್ಟು ಉದ್ದದ ತೊಲೆಯ ಮೇಲೆ ಗೆರೆ ಹಾಕುತ್ತಿದ್ದಾಗ ಹೆಲ್ಗಾ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತಿದ್ದಲು ಹೋಗಲಿಲ್ಲ.

ಒಂದು ಗೋಡೆಯ ತುಂಬ ಮೊಳೆಗಳು, ಮೊಳೆಗೊಂದು ಮರದ ತುಂಡು. ಹತ್ತಿರ ಹೋಗಿ ನೋಡಿದರೆ ಎಲ್ಲ ಡೊಂಕು. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೊಯ್ದು ಇನ್ನೊಂದರ ತೂತಿಗೆ ಕೂರಿಸುವ ಜೋಡಣೆ ಅದು. ಕೆಲವು ಸಡಿಲ, ಕೆಲವು ಸೀಳಿದ್ದವು, ಒಂದಂತೂ ತಿರುವುಮುರುವು.

“ಇಷ್ಟು ಕೆಟ್ಟ ಕೆಲಸ ಯಾಕ ತೂಗ ಹಾಕ್ಯಾರ್ರಿ? ನಮ್ಮ ಉಸ್ತಾದ್ ಇದ್ದಿದ್ರ ಚಪ್ಪಲಿ ಎಸೀತಿದ್ರು!” ಅಂದಳು ಶಾಹಿನ್.

ಹೆಲ್ಗಾ ಹೇಳಿದರು. ಇಲ್ಲಿಗೆ ಬಂದವರು ಮೊದಲ ದಿನ ಕೊಯ್ದದ್ದು ಇದು. ಎಷ್ಟೇ ಕೆಟ್ಟದಾಗಿರಲಿ, ಹೆಸರು ಬರೆದು ತೂಗು ಹಾಕುತ್ತೇವೆ. ಕಲಿತು ಮುಗಿಸಿ ಹೊರಡುವ ದಿನ ಅವರದು ಅವರಿಗೆ ಕೊಡುತ್ತೇವೆ. ಮೇಲಿನ ಸಾಲಿನಲ್ಲಿ ತಿರುವುಮುರುವಾಗಿದ್ದ ತುಂಡನ್ನು ತೋರಿಸಿ, ಅದು ನನ್ನ ಮಗಳು ಲೇನಾಳದು ಎಂದರು. ಲೇನಾ ಅಲ್ಲೇ ಇದ್ದಳು. ಇಪ್ಪತ್ತೆರಡರ ಎತ್ತರದ ಹುಡುಗಿ. ಪರೀಕ್ಷೆ ಮುಗಿಸಿದ್ದಾಳೆ, ಬರುವ ಭಾನುವಾರ ಊರು ಬಿಟ್ಟು ಹೊರಡುತ್ತಾಳೆ ಎಂದರು. ಎಲ್ಲಿಗೆ ಎಂದು ಕೇಳಿದೆ. ಗೊತ್ತಿಲ್ಲ ಎಂದು ತಾಯಿ ಮಗಳು ಇಬ್ಬರೂ ಒಟ್ಟಿಗೇ ಹೇಳಿದರು.

ಮೂರನೆಯ ದಿನ: ನನ್ನ ಮುಂದೆ ಎರಡು ತುಂಡು

ಹೆಲ್ಗಾ ನನ್ನ ಮುಂದೆ ಎರಡು ತುಂಡು ಮರ, ಒಂದು ಗರಗಸ, ಒಂದು ಉಳಿ ಇಟ್ಟರು.

ನನಗೆ ಬರುವುದಿಲ್ಲ ಎಂದೆ. ಅವರು ನಂಬಲಿಲ್ಲ. ಮೂವತ್ತು ವರ್ಷ ಬಡಗಿಯ ಜೊತೆ ಇದ್ದು ಬರುವುದಿಲ್ಲವೇ ಎಂದರು. ನಿಜ ಹೇಳಬೇಕೆಂದರೆ ಮೂವತ್ತು ವರ್ಷ ನಾನು ಹತಾರ ಒರೆಸಿದ್ದೇನೆ, ಎತ್ತಿ ಕೊಟ್ಟಿದ್ದೇನೆ, ಹೊಟ್ಟು ಗುಡಿಸಿದ್ದೇನೆ, ಬಾಗಿಲಿಗೆ ಪಾಲಿಶ್ ಉಜ್ಜಿದ್ದೇನೆ. ಯಾವ ಕೆಲಸಕ್ಕೆ ಯಾವ ಉಳಿ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮರ ಕೊಯ್ದವಳಲ್ಲ. ಊರ ಮಕ್ಕಳಿಗೆಲ್ಲ ಗರಗಸ ಕೊಟ್ಟ ಮನುಷ್ಯ ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರಿಗೂ ಅದು ಹೊಳೆಯಲೇ ಇಲ್ಲ.

“ಹಿಡೀರಿ ಅಮ್ಮಾ,” ಎಂದು ಶಾಹಿನ್ ಪಕ್ಕ ಬಂದಳು. “ಹಂಗ ಬಿಗಿ ಹಿಡೀಬ್ಯಾಡ್ರಿ. ಕೋಳಿ ಮರಿ ಹಿಡದಂಗ ಹಿಡೀರಿ. ಉಸ್ತಾದ್ ಹಂಗ ಹೇಳ್ತಿದ್ರು.”

“ನನಗೆಂದೂ ಹೇಳಿಲ್ಲಲ್ಲ?”

“ನೀವು ಯಾವಾಗ ಹಿಡದಿದ್ರಿ, ಹೇಳಾಕ?”

ಕೊಯ್ದೆ. ಹತ್ತು ಎಳೆತಕ್ಕೆ ಭುಜ ಬಿದ್ದುಹೋಯಿತು. ಗೆರೆ ಒಂದು ಕಡೆ, ಗರಗಸ ಒಂದು ಕಡೆ. ಮಧ್ಯಾಹ್ನದ ಹೊತ್ತಿಗೆ ಎರಡು ತುಂಡೂ ಹೇಗೋ ಒಂದಕ್ಕೊಂದು ಸೇರಿದವು, ನಡುವೆ ಬೆರಳು ತೂರುವಷ್ಟು ಸಂದಿ. ಹದಿನಾರರ ಮಕ್ಕಳು ಕೆಲಸ ಬಿಟ್ಟು ಬಂದು ಮೇಜಿನ ಮೇಲೆ ಗೆಣ್ಣಿನಿಂದ ಕುಟ್ಟಿದರು. ಅದು ಅವರ ಚಪ್ಪಾಳೆಯಂತೆ. ನನಗೆ ಅಳು ಬಂತು, ನಗುವೂ ಬಂತು. ಗರಗಸದ ಸದ್ದು ಕೇಳಲಾರೆ ಎಂದಿದ್ದವಳು ಬೆಳಗಿನಿಂದ ಆ ಸದ್ದನ್ನು ನಾನೇ ಮಾಡುತ್ತಿದ್ದೆ ಎಂದು ಊಟಕ್ಕೆ ಕೂತಾಗ ನೆನಪಾಯಿತು.

ಅವತ್ತು ಸಂಜೆ ಹೆಲ್ಗಾ ನಮ್ಮನ್ನು ಹಳೆಯ ಮನೆಯೊಂದರ ಅಟ್ಟಕ್ಕೆ ಹತ್ತಿಸಿದರು. ಮೊಬೈಲ್ ಬೆಳಕಿನಲ್ಲಿ ಕಪ್ಪು ತೊಲೆಗಳು ಕಂಡವು. ಮುನ್ನೂರು ವರ್ಷದ ಹಿಂದಿನವು ಎಂದರು. ಪ್ರತಿ ಜೋಡಣೆಯ ಪಕ್ಕದಲ್ಲೂ ಉಳಿಯಿಂದ ಕೆತ್ತಿದ ಗೀರುಗಳು, ಯಾವುದು ಯಾವುದಕ್ಕೆ ಸೇರಬೇಕು ಎಂಬ ಗುರುತು. ಒಂದು ತೊಲೆಯ ಕೆಳಬದಿಯಲ್ಲಿ ಕಾರಣವಿಲ್ಲದ ಒಂದು ತೂತಿತ್ತು. ಯಾರೋ ಕಲಿಯುವವನು ತಪ್ಪು ಜಾಗದಲ್ಲಿ ಕೊರೆದಿದ್ದಾನೆ, ಮೇಸ್ತ್ರಿ ತೊಲೆಯನ್ನು ಎಸೆಯದೆ ಮಗ್ಗುಲು ತಿರುಗಿಸಿ ಕೂರಿಸಿದ್ದಾನೆ ಎಂದರು ಹೆಲ್ಗಾ. ಆ ತೂತಿನಲ್ಲಿ ನಾನು ಬೆರಳಿಟ್ಟೆ. ಒಳಗೆ ಉಳಿಯ ಏಟುಗಳು ಇನ್ನೂ ಏರುತಗ್ಗಾಗಿ ಸಿಗುತ್ತಿದ್ದವು. ಹೊಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮನೆ ಮುನ್ನೂರು ವರ್ಷ ನಿಂತಿದೆ. ದೇವರ ಮನೆಯಲ್ಲಿ ಮಾತಾಡುವ ಹಾಗೆ ಶಾಹಿನ್ ಪಿಸುಗುಟ್ಟಿದಳು:

“ಅಮ್ಮಾ, ಒಂದೂ ಮೊಳೆ ಇಲ್ಲರಿ. ಒಂದೂ ಇಲ್ಲ.”

ಅವಳು ಕಲಿಯಬೇಕೆಂದಿದ್ದ ಛಾವಣಿ ಅದೇ. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಶನಿವಾರ: ಒಲೆ

ಈಗ ನನ್ನ ತಪ್ಪಿಗೆ ಬರುತ್ತೇನೆ.

ಶನಿವಾರ ಮಧ್ಯಾಹ್ನ ಕೆಲಸದ ಮನೆ ಖಾಲಿಯಾಗಿತ್ತು. ಮರುದಿನ ಲೇನಾಳನ್ನು ಕಳಿಸುವ ಊಟಕ್ಕೆ ಎಲ್ಲರೂ ಸಿದ್ಧತೆಯಲ್ಲಿದ್ದರು. ಒಂದು ವಾರ ಅನ್ನ ಹಾಕಿದ ಮನೆ, ಸುಮ್ಮನೆ ಕೂರುವುದು ಹೇಗೆ? ಪೊರಕೆ ಹುಡುಕಿ ಹೊಟ್ಟು ಗುಡಿಸಿದೆ. ಮೂಲೆಯಲ್ಲಿ ಕಬ್ಬಿಣದ ಒಲೆ ಉರಿಯುತ್ತಿತ್ತು. ಹೊಟ್ಟು, ಸಿಪ್ಪೆ, ಚೂರುಪಾರು ಎಲ್ಲ ತುಂಬಿದೆ. ಮೇಜಿನ ಮೇಲೆ ಧೂಳು ಹಿಡಿದ ಒಂದು ಡೊಂಕು ತುಂಡಿತ್ತು. ನಮ್ಮ ಶೆಡ್ಡಿನಲ್ಲಿ ಮೂವತ್ತು ವರ್ಷವೂ ಅದೇ ಲೆಕ್ಕ. ಕೆಟ್ಟ ಕಟ್ಟಿಗೆ ಸಂಜೆ ನನ್ನ ಸೆರಗಿನಲ್ಲಿ ಮನೆಗೆ ಬರುತ್ತಿತ್ತು, ಅದರಲ್ಲೇ ರೊಟ್ಟಿ ಬೇಯುತ್ತಿತ್ತು. ಅದನ್ನೂ ಒಲೆಗೆ ಹಾಕಿದೆ. ಚೆನ್ನಾಗಿ ಒಣಗಿದ ಮರ, ಭಗ್ಗನೆ ಹತ್ತಿಕೊಂಡಿತು.

ಶಾಹಿನ್ ಓಡಿ ಬಂದಳು.

“ಅಮ್ಮಾ, ಟೇಬಲ್ ಮ್ಯಾಲ ಒಂದು ತುಂಡು ಇತ್ತು. ಎಲ್ಲದ?”

“ಡೊಂಕು ಕಟಗಿ ಅಲ್ಲೇನು? ಒಲಿಗಿ ಹಾಕಿದ್ನಿ.”

“ಯಾ ಅಲ್ಲಾ! ಅದು ಲೇನಾಂದು ರೀ! ನಾಳೆ ಕೊಡಬೇಕಂತ ಗ್ವಾಡಿ ಮ್ಯಾಲಿಂದ ತಗದು ಇಟ್ಟಿದ್ರು!”

ತಿರುಗಿ ನೋಡಿದೆ. ಗೋಡೆಯ ಮೇಲಿನ ಸಾಲಿನಲ್ಲಿ ಮೊಳೆಯೊಂದು ಬರಿದಾಗಿತ್ತು. ಧೂಳಿನಡಿ ಇದ್ದ ಹೆಸರನ್ನು ನಾನು ನೋಡಿಯೇ ಇರಲಿಲ್ಲ. ಒಲೆಯ ಬಾಗಿಲು ತೆರೆದು ಕೈ ಹಾಕಲು ಹೋದವಳನ್ನು ಶಾಹಿನ್ ಹಿಡಿದು ಎಳೆದಳು. ಒಳಗೆ ಕೆಂಡ ಮಾತ್ರ ಇತ್ತು.

ಯಾರದೋ ಕೈಯ ಮೊದಲ ಗುರುತು. ನಮ್ಮವರ ಉಳಿಯೊಂದನ್ನು ಯಾರಾದರೂ ಹೀಗೆ ಕುಲುಮೆಗೆ ಎಸೆದಿದ್ದರೆ ಅವರ ಮುಖ ನಾನು ಜನ್ಮದಲ್ಲಿ ನೋಡುತ್ತಿರಲಿಲ್ಲ. ಹೆಲ್ಗಾ, ಲೇನಾ ಇಬ್ಬರೂ ಬಂದರು. ಶಾಹಿನ್ ತಡವರಿಸುತ್ತ ಹೇಳಿದಳು. ಹೆಲ್ಗಾ ಬರಿದಾದ ಮೊಳೆಯ ಕಡೆ ನೋಡಿದ್ದನ್ನು ನಾನು ನೋಡಿದೆ. ಮಗಳು ಹೋದ ಮೇಲೆ ಆ ಗೋಡೆಯನ್ನು ಅವರು ದಿನಾ ನೋಡಬೇಕು.

ನಾನು ಲೇನಾಳ ಕಾಲು ಮುಟ್ಟಲು ಬಗ್ಗಿದೆ. ಅವಳು ಗಾಬರಿಯಾಗಿ ಹಿಂದೆ ಸರಿದಳು. ಆಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಒಂದು ಹಲಗೆ ಎಳೆದುಕೊಂಡು, ಗೆರೆ ಹಾಕತೊಡಗಿದಳು. ಸುಟ್ಟುಹೋದ ತುಂಡನ್ನು ಹಾಗೆಯೇ ನೆನಪಿನಿಂದ ಬಿಡಿಸುತ್ತ ಹೇಳಿದಳು: ಇಲ್ಲಿ ಗರಗಸ ಬಲಕ್ಕೆ ಹೋಯಿತು, ಯಾಕೆಂದರೆ ನಾನು ಉಸಿರು ಬಿಗಿಹಿಡಿದಿದ್ದೆ. ಇಲ್ಲಿ ತುದಿ ಮುರಿಯಿತು, ಯಾಕೆಂದರೆ ಅಮ್ಮ ನೋಡುತ್ತಾಳೆ ಎಂದು ಅವಸರ ಮಾಡಿದೆ. ಇಲ್ಲಿ ಗುರುತು ತಿರುವುಮುರುವಾಯಿತು. ಒಂದೊಂದೇ ಹೇಳಿ, ಪೆನ್ಸಿಲ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. “ತುಂಡು ಬೇಕಾಗಿಲ್ಲ ಅಂತಾಳ ಅಮ್ಮಾ,” ಎಂದಳು ಶಾಹಿನ್ ಸಣ್ಣ ದನಿಯಲ್ಲಿ. “ಅದು ಕೈಯಾಗ ಅದ ಅಂತ. ಗಂಟು ಹಗುರ ಆತು ಅಂತಾಳ.”

ಲೇನಾ ಅಷ್ಟಕ್ಕೆ ಬಿಡಲಿಲ್ಲ. ಗೋಡೆಯಲ್ಲಿ ಜಾಗ ಖಾಲಿ ಇದೆ, ನಿನ್ನದು ಕೊಡು ಎಂದಳು. ನನ್ನ ಬೆರಳು ತೂರುವ ಸಂದಿಯ ಜೋಡಣೆ ಆ ಮೊಳೆಗೆ ಏರಿತು. ಹೆಲ್ಗಾ ಅದನ್ನು ನೆಟ್ಟಗೆ ಮಾಡಿ, ನನ್ನ ಹೆಗಲ ಮೇಲೆ ಕೈ ಇಟ್ಟರು.

ಭಾನುವಾರ: ಊರಿನ ಫಲಕ

ಕಲಿತು ಮುಗಿಸಿದ ಬಡಗಿಗಳಲ್ಲಿ ಕೆಲವರು ಅಲ್ಲಿ ಒಂದು ವ್ರತ ಹಿಡಿಯುತ್ತಾರೆ. ಮೂರು ವರ್ಷ ಒಂದು ದಿನ ಊರೂರು ನಡೆಯುತ್ತ, ಬೇರೆ ಬೇರೆ ಮೇಸ್ತ್ರಿಗಳ ಕೈಕೆಳಗೆ ದುಡಿಯುತ್ತ ಇರಬೇಕು. ಆ ಅವಧಿಯಲ್ಲಿ ಹುಟ್ಟಿದ ಊರಿನ ಐವತ್ತು ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ನಮ್ಮ ಲೆಕ್ಕದಲ್ಲಿ, ಮಾನ್ವಿಯವರು ರಾಯಚೂರಿಗೂ ಬರುವಂತಿಲ್ಲ. ಕೈಯಲ್ಲಿ ಫೋನೂ ಇರಬಾರದು.

ಲೇನಾ ಕಪ್ಪು ಕೋಟು, ಅಗಲ ಕಾಲಿನ ಪ್ಯಾಂಟು, ದೊಡ್ಡ ಟೋಪಿ ಹಾಕಿ, ತಿರುಚಿದ ಕೋಲು ಹಿಡಿದು, ಒಂದು ಸಣ್ಣ ಗಂಟು ಹೆಗಲಿಗೇರಿಸಿದ್ದಳು. ಊರಿನ ಹೆಸರು ಬರೆದ ಹಳದಿ ಫಲಕದ ಹತ್ತಿರ ಎಲ್ಲರೂ ನಡೆದು ಹೋದೆವು. ಅದೇ ಬಟ್ಟೆಯ ಇನ್ನೂ ನಾಲ್ವರು ಬಡಗಿಗಳು ಫಲಕದಾಚೆ ಕಾದಿದ್ದರು. ಲೇನಾ ಫಲಕದ ಬುಡದಲ್ಲಿ ಗುಂಡಿ ತೋಡಿ ಒಂದು ಬಾಟಲಿ ಇಟ್ಟು ಮಣ್ಣು ಮುಚ್ಚಿದಳು.

“ದಾರೂ ಹೂಳಾಕತ್ತಾಳ ಅಮ್ಮಾ!” ಶಾಹಿನ್ ನನ್ನ ತೋಳು ಹಿಂಡಿದಳು. “ಮೂರು ವರ್ಷ ಆದಮ್ಯಾಲ ಬಂದು ಕುಡೀತಾಳಂತ.”

“ನಮ್ಮೂರಾಗ ಹೂಳಿದ್ರ ಸಂಜಿತನಕ ಇರತಿದ್ದಿಲ್ಲ ಬಿಡು,” ಅಂದೆ.

ಲೇನಾ ತಾಯಿಯನ್ನು ತಬ್ಬಿಕೊಂಡಳು. ಆಮೇಲೆ ಫಲಕದ ಕಂಬ ಹಿಡಿದು ಹತ್ತಿದಳು. ತುದಿಯ ಮೇಲೆ ಒಂದು ಗಳಿಗೆ ಕೂತು ಊರನ್ನು ನೋಡಿದಳು. ಆಚೆ ಇದ್ದ ನಾಲ್ವರು ಕೈ ಚಾಚಿದರು. ಅವಳು ಅವರ ತೋಳಿಗೆ ಬಿದ್ದಳು, ಎದ್ದಳು, ನಡೆದಳು. ಹಿಂದಿರುಗಿ ನೋಡಬಾರದು ಎಂಬುದು ಅವರ ನೇಮ. ಅವಳು ನೋಡಲಿಲ್ಲ.

ನಮ್ಮವರಿಗೆ ಮಣ್ಣು ಕೊಟ್ಟು ಬರುವಾಗ ಹಿರಿಯರು ನನಗೂ ಅದೇ ಹೇಳಿದ್ದರು. “ಹಿಂದ ನೋಡಬ್ಯಾಡ ಯವ್ವಾ, ನಡಿ.” ನಾನು ನೋಡಿದ್ದೆ. ಒಂದಲ್ಲ, ಎರಡು ಸಲ. ಎಂಟು ತಿಂಗಳೂ ನೋಡುತ್ತಲೇ ಇದ್ದೆ. ಇಲ್ಲಿ ಒಬ್ಬಳು ಬದುಕಲಿಕ್ಕಾಗಿ ಬೆನ್ನು ತಿರುಗಿಸಿ ನಡೆಯುತ್ತಿದ್ದಳು. ಅವಳನ್ನು ಹೆತ್ತು ಕೆಲಸ ಕಲಿಸಿದವಳೇ ಆ ಬೆನ್ನನ್ನು ನೋಡುತ್ತ ನಿಂತಿದ್ದಳು. ಗೋಧಿ ಹೊಲದ ನಡುವಿನ ರಸ್ತೆಯಲ್ಲಿ ಐದು ಕಪ್ಪು ಟೋಪಿಗಳು ಚಿಕ್ಕದಾಗುತ್ತ ಹೋದವು. ಹಾಗೆ ಕಳಿಸಿಕೊಡುವಷ್ಟು ದೊಡ್ಡ ಮನಸ್ಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹೆಲ್ಗಾ ಅಳಲಿಲ್ಲ. ಟೋಪಿಗಳು ಕಾಣದಾದ ಮೇಲೆ ಅತ್ತರು.

ಮೂರು ವರ್ಷ ಹೇಗೆ ಇರುತ್ತೀರಿ ಎಂದು ಶಾಹಿನ್ ಮೂಲಕ ಕೇಳಿದೆ. ಅವರು ಮೂಗು ಒರೆಸಿಕೊಂಡು, ನನ್ನ ಹತ್ತಿರವೇ ಇದ್ದರೆ ನನ್ನಷ್ಟೇ ಆಗುತ್ತಾಳೆ ಎಂದರು. ಆಮೇಲೆ, ನಾಳೆ ಬೆಳಿಗ್ಗೆ ಏಳಕ್ಕೆ ಉಳಿದ ಮಕ್ಕಳು ಬರುತ್ತಾರೆ ಎಂದರು.

ಮರಳಿ

ವಿಮಾನದಲ್ಲಿ ಶಾಹಿನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನೇ ಮಾತು ತೆಗೆದೆ.

“ಸಿರವಾರದವರಿಗಿ ಶೆಡ್ಡು ಕೊಡಲ್ಲ ಅಂತ ಹೇಳ್ತೀನಿ.”

ಅವಳು ತಿರುಗಲಿಲ್ಲ. “ಮತ್ತ ಕಲಿಸವ್ರು ಯಾರ್ರಿ?”

“ನೀನು.”

“ನನಗ ಅರ್ಧಾನ ಬರ್ತದ ಅಮ್ಮಾ.”

“ಬರೋ ಅರ್ಧ ಕಲಿಸು. ಒಂದು ಆರು ತಿಂಗಳು. ಆಮ್ಯಾಲ ಉಳಿದರ್ಧಕ್ಕ ಎಲ್ಲಿಗಿ ಹೋಗಬೇಕು ಅಲ್ಲಿಗಿ ಹೋಗು. ನಿಮ್ಮ ಅಬ್ಬಾಗ ನಾ ಹೇಳ್ತೀನಿ.”

“ನಾ ಹ್ವಾದ್ರ ನಿಮಗ ಯಾರಿದ್ದಾರ?”

“ಅಷ್ಟೊತ್ತಿಗಿ ಇನ್ನೊಬ್ಬರಿಗಿ ಕಲಿಸಿರ್ತಿ,” ಅಂದೆ. ಹೇಳುವುದು ಸುಲಭವಾಗಿರಲಿಲ್ಲ.

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿ, “ಬೈಯೋದು ಮಾತ್ರ ಉಸ್ತಾದ್ ಬೈದಂಗ ಬೈತೀನಿ ನೋಡ್ರಿ, ಆಮ್ಯಾಲ ಅನಬ್ಯಾಡ್ರಿ,” ಅಂದಳು.

ಮುಂದಿನ ಸೋಮವಾರ ಶೆಡ್ಡು ತೆರೆದೆವು. ಒಳಗೆ ಇಲಿ ಸಂಸಾರ ಹೂಡಿತ್ತು. ಎಂಟು ಗಂಟೆಗೆ ಐದು ಮಂದಿ ಹಳಬರು ಬಂದರು, ಇಬ್ಬರು ಹೊಸಬರು. ಶಾಹಿನ್ ಹೊಸ ಹಾಜರಿ ಪುಸ್ತಕ ತೆರೆದು ಕೂತಳು. ಹೊಸಬರ ಸಾಲಿನಲ್ಲಿ ನಾನು ನಿಂತೆ. ಹುಡುಗರು ಕಿಸಕ್ಕೆಂದರು.

“ಏನ್ ನಗ್ತೀರಿ ಬೇ? ಸುಮ್ಕಿರ್ರಿ,” ಎಂದು ಅವರ ಮೇಲೆ ರೇಗಿ, ಶಾಹಿನ್ ನನ್ನ ಕಡೆ ತಿರುಗಿದಳು. “ಹೆಸರು ಹೇಳ್ರಿ.”

“ಗೌತಮಿಬಾಯಿ.”

“ವಯಸ್ಸು?”

“ಐವತ್ತಮೂರು.”

“ತಂದಿ ಅಥವಾ ಗಂಡನ ಹೆಸರು?” ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು. “ಇರ್ಲಿ ಬಿಡ್ರಿ, ನಾನ ಬರಕೋತೀನಿ.”

“ನಿಲ್ಲು, ಹೇಳ್ತೀನಿ,” ಅಂದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಲ್ಲಿ ತಡೆದಾಗ ಒಡಪಿನಲ್ಲಿ ಸೇರಿಸಿ ಒಂದು ಸಲ ಹೇಳಿದ್ದೆ. ಆಮೇಲೆ ರೇಷನ್ ಕಾರ್ಡಿನವರಿಗೂ ಇನ್ನೊಬ್ಬರು ಹೇಳಿದರು. ಅವರು ತೀರಿಕೊಂಡದ್ದನ್ನು ಬರೆಸುವಾಗಲೂ ದೇವದುರ್ಗದಿಂದ ಬಂದ ನನ್ನ ಅಣ್ಣನೇ ಹೇಳಿದ.

“ಭೀಮರಾಯ,” ಅಂದೆ.

ಶಾಹಿನ್ ತಲೆ ತಗ್ಗಿಸಿ ಬರೆದುಕೊಂಡಳು. ಆಮೇಲೆ ಎದ್ದು, ಗರಗಸ ತಂದು ನನ್ನ ಕೈಗೆ ಕೊಟ್ಟಳು.